ತಿಕೋಟಾದ ನೀರಿನ ಗುಣ

ನಮ್ಮ ವಿಜಾಪುರದ ಕಡೆ ಇಬ್ಬರು ಎದುರುಬದುರಾದರೆ ಮೊದಲು ಬರುವ ಮಾತು "ಊಟಾ ಆತೇನ್ರಿ?" ಎಂಬುದು. ಕೇಳಿದವನಿಗೆ ಉತ್ತರ ಬೇಕಾಗಿರುವುದಿಲ್ಲ, ಹೇಳುವವನೂ "ಆತ್ರಿ, ನಿಮ್ದು?" ಎಂದು ದಾಟಿಕೊಂಡು ಹೋಗುತ್ತಾನೆ. ಆದರೆ ಹೊಟ್ಟೆಯ ರೋಗಿಗೆ ಈ ಸೌಜನ್ಯ ಫೌಜದಾರನ ವಿಚಾರಣೆಯಂತೆ ಕೇಳಿಸುತ್ತದೆಂಬುದು ಆರೋಗ್ಯವಂತರಾದ ನಿಮಗೆ ತಿಳಿದಿರಲಾರದು. ಆಯಿತು ಎಂದರೆ ಸುಳ್ಳು, ಏಕೆಂದರೆ ಮುಂಜಾನೆ ಉಂಡದ್ದು ಸಂಜೆಯವರೆಗೂ ಆಗುತ್ತಲೇ ಇರುತ್ತದೆ. ಆಗಿಲ್ಲ ಎಂದರೆ ಕೇಳಿದವರು ಕೈಹಿಡಿದು ಮನೆಗೆ ಕರೆದೊಯ್ಯುತ್ತಾರೆ. ಹತ್ತು ವರ್ಷ ನಾನು ಈ ಪ್ರಶ್ನೆಗೆ ಹೌದೂ ಅಲ್ಲದ, ಇಲ್ಲವೂ ಅಲ್ಲದ ಹಾಗೆ ತಲೆಯಾಡಿಸಿ ಬೀದಿ ದಾಟಿದವನು.

ನನ್ನ ಜಠರಾಗ್ನಿ ಹಸಿ ಕಟ್ಟಿಗೆಯ ಒಲೆಯಂತೆ ಉರಿಯುವುದಕ್ಕಿಂತ ಹೊಗೆಯಾಡುವುದರಲ್ಲಿಯೇ ಹೆಚ್ಚು ಆಸಕ್ತವಾಗಿತ್ತು. ಒಂದು ಜೋಳದ ರೊಟ್ಟಿ, ಒಂದಿಷ್ಟು ಬದನೆಕಾಯಿ ಪಲ್ಯ ಒಳಗೆ ಇಳಿದರೆ ಸಾಕು, ಉದರವು ನಗಾರಿಯಾಗಿ, ಕಚೇರಿಯಲ್ಲಿ ಮೇಜಿನ ಮರೆಯಲ್ಲಿ ಧೋತರದ ಗಂಟು ಸಡಿಲಿಸಿಕೊಂಡು ಸಾಹೇಬರ ಮುಂದೆ ಎದ್ದು ನಿಲ್ಲಲು ಅಂಜುವ ಸ್ಥಿತಿ ಬರುತ್ತಿತ್ತು. ಶುಂಠಿ, ಇಂಗು, ಓಂಕಾಳು, ತೊರವಿಯ ವೈದ್ಯರ ಚೂರ್ಣ, ಎಲ್ಲವೂ ಬಂದು ಸೋತು ಹೋಗಿದ್ದವು. ಈ ಹೊಟ್ಟೆ ನಮ್ಮ ತಂದೆಯವರಿಂದ ಬಂದ ಪಿತ್ರಾರ್ಜಿತ. ಬಬಲೇಶ್ವರದ ಹೊಲ ಮನೆಗಳನ್ನು ಅಣ್ಣ ಮಲ್ಲಪ್ಪನೊಬ್ಬನೇ ನೋಡಿಕೊಳ್ಳುತ್ತಿದ್ದ. ಹೊಟ್ಟೆಯನ್ನು ಮಾತ್ರ ಇಬ್ಬರೂ ಸಮಪಾಲಾಗಿ ಹಂಚಿಕೊಂಡಿದ್ದೆವು.

ಅವು ಯುದ್ಧದ ದಿನಗಳು. ಸರಕಾರ ರೈತರಿಂದ ಕಡ್ಡಾಯವಾಗಿ ಜೋಳದ ಲೇವಿ ಎತ್ತುತ್ತಿತ್ತು, ನಾನು ಆ ಕೆಲಸದ ಕಾರಕೂನ. ಒಂದೂವರೆ ತಿಂಗಳು ತಿಕೋಟಾದಲ್ಲಿ ಠಾಣ್ಯ ಹೂಡಬೇಕೆಂದು ಹುಕುಂ ಬಂತು. ಹೊರಡುವ ಮುಂಜಾನೆ ನನ್ನ ಹೆಂಡತಿ ನೀಲವ್ವ ಹಾಸಿಗೆ ಸುತ್ತಿಕೊಡುತ್ತ, ನನ್ನ ಮುಖ ನೋಡದೆಯೇ ಹೇಳಿದಳು: "ನೀವು ಅರಾಮಾಗಿ ಬಂದು ನನ್ನ ಮುಂದ ಕುಂತು ಎರಡು ರೊಟ್ಟಿ ಉಂಡು ಅರಗಿಸಿಕೊಳ್ಳೂ ತನಕಾ ನಾನೂ ರೊಟ್ಟಿ ಮುಟ್ಟೂದಿಲ್ಲ. ಶಿವಗ ಮಾತು ಕೊಟ್ಟೀನಿ."

ನಾನು ನಕ್ಕೆ. ಹೆಂಗಸರ ಹರಕೆಗಳನ್ನು ಕಂಡು ನಗುವುದು ಮ್ಯಾಟ್ರಿಕ್ ಪಾಸಾದವರ ಲಕ್ಷಣವೆಂದು ಆಗ ನಂಬಿದ್ದೆ.

ತಿಕೋಟಾದಲ್ಲಿ ನನಗೆ ಮಾರುತಿಯ ಪರಿಚಯವಾಯಿತು. ಮರಾಠರವನು, ಮಿಲಿಟರಿ ದವಾಖಾನೆಯಲ್ಲಿ ಕಂಪೌಂಡರನಾಗಿದ್ದು, ಕಾಲಿಗೆ ಪೆಟ್ಟಾಗಿ ಊರಿಗೆ ಮರಳಿ ತಾಯಿ ಭಾಗಾಬಾಯಿಯ ಜೊತೆಗಿದ್ದ. ನಾನು ಚಾವಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತದ್ದನ್ನು ನಾಲ್ಕು ದಿನ ನೋಡಿ, ಐದನೆಯ ದಿನ ಹತ್ತಿರ ಬಂದು ಕುಳಿತ.

"ರಾವಸಾಹೇಬ್ರ, ನಮ್ಮ ದವಾಖಾನ್ಯಾಗ ಒಬ್ಬ ಗೋರಾ ಕ್ಯಾಪ್ಟನ್ ಇದ್ದ. ಹೊಟ್ಟಿ ಥೇಟ್ ನಿಮ್ಮಂಗ. ಡಾಕ್ಟರ ಅವಗ ಒಂದು ತಿಂಗಳು ಬರೇ ಮಾಂಸ, ಉಪ್ಪು, ನೀರು ಕೊಟ್ರು. ಬ್ರೆಡ್ಡಿಲ್ಲ, ಹಾಲಿಲ್ಲ, ಕಾಯಿಪಲ್ಲೆ ಇಲ್ಲ. ತಿಂಗಳಾದ ಮ್ಯಾಲ ಆತ ಕುದುರಿ ಹತ್ತಿ ಹೋದ ನೋಡ್ರಿ!"

"ನಾ ಅದನ್ನೆಲ್ಲಾ ತಿನ್ನೋ ಪೈಕಿ ಅಲ್ಲಪಾ."

"ಗೊತ್ತೈತ್ರಿ. ನಮ್ಮವ್ವ ಮಾಡಿ ಹಾಕ್ತಾಳ. ಯಾರಿಗೂ ಗೊತ್ತಾಗೂದಿಲ್ಲ."

ಓದುಗರೆ, ನನ್ನನ್ನು ಒಲಿಸಿದ್ದು ಆ ಕ್ಯಾಪ್ಟನ್ನನ ಕುದುರೆಯಲ್ಲ, ಕೊನೆಯ ಆ ಎರಡು ಶಬ್ದಗಳು. ನಮ್ಮದು ಲಿಂಗವಂತರ ಮನೆತನ; ನನಗೆ ತಿಳಿದಮಟ್ಟಿಗೆ ನಮ್ಮಲ್ಲಿ ಯಾರೂ ತತ್ತಿಯನ್ನು ಸಹ ಮುಟ್ಟಿದವರಲ್ಲ. ಮರುದಿನ ಮಧ್ಯಾಹ್ನ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ತೆಗೆದು ನನ್ನ ಕೋಣೆಯ ಗೂಟಕ್ಕೆ ತೂಗುಹಾಕಿ, ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿ ಹೊರಟೆ. ಗೋಡೆಯನ್ನು ನೋಡುತ್ತಿರುವ ಶಿವನಿಗೆ ಭಾಗಾಬಾಯಿಯ ಪಡಸಾಲೆ ಕಾಣಲಾರದೆಂಬ ತರ್ಕ ನನ್ನ ತಲೆಯಲ್ಲಿ ಹುಟ್ಟಿತ್ತು.

ಖರ್ಚು ನನ್ನದು, ಅಡಿಗೆ ಭಾಗಾಬಾಯಿಯದು. ಕುರಿ ಕಡಿದ ದಿನ ಕುರಿ, ಇಲ್ಲದ ದಿನ ಕೋಳಿ, ಅದೂ ಸಿಗದಿದ್ದರೆ ಬಿಸಿಲಿಗೆ ಒಣಗಿಸಿಟ್ಟ ಖಂಡ. ಬರೀ ಉಪ್ಪುನೀರಿನಲ್ಲಿ ಬೇಯಿಸಿದ್ದು. "ಖಾರಾ ಇಲ್ಲದ ಅಡಿಗಿ ನಾ ಬಾಣಂತಿಗೂ ಮಾಡಿಲ್ರಿ," ಎಂದು ಆಕೆ ಗೊಣಗಿದಳು. ಮೊದಲ ನಾಲ್ಕು ದಿನ ಓಕರಿಕೆಯಿಂದ, ಬಳಿಕ ಭೇದಿಯಿಂದ, ನಾನು ಚಾವಡಿಗೂ ಬಯಲಿಗೂ ನಡುವೆ ಮಗ್ಗದ ಲಾಳಿಯಂತೆ ಓಡಾಡಿದೆ. ಎರಡನೆಯ ವಾರ ಎಲ್ಲವೂ ಸ್ತಬ್ಧವಾಯಿತು. ಹತ್ತು ವರ್ಷ ನಗಾರಿಯಾಗಿದ್ದದ್ದು ಹೊಟ್ಟೆಯಾಯಿತು. ಗುಣಕೊಟ್ಟದ್ದು ಮಾಂಸವೋ, ದಿನಕ್ಕೆ ಎಂಟು ಸಲ ಕುಡಿಯುತ್ತಿದ್ದ ಚಹಾ ನಿಂತದ್ದೋ, ಹೊಲದ ಬದುವಿನಲ್ಲಿ ನಡೆದದ್ದೋ, ನಾನು ಇಂದಿಗೂ ಹೇಳಲಾರೆ. ಹಗುರಾದ ಹೊಟ್ಟೆಯ ಮೇಲೆ ಕೈಯಾಡಿಸಿಕೊಳ್ಳುವಾಗೆಲ್ಲ ಅತ್ತ ವಿಜಾಪುರದಲ್ಲಿ ಒಬ್ಬಳು ರೊಟ್ಟಿ ಬಿಟ್ಟು ಕೂತಿದ್ದಾಳೆಂಬುದು ನೆನಪಾಗುತ್ತಿತ್ತು. ನೆನಪಾದ ಕೂಡಲೆ ಕೈಯನ್ನು ತೆಗೆಯುತ್ತಿದ್ದೆ, ಅಷ್ಟೆ.

ಮೂರನೆಯ ವಾರ ಎತ್ತು ನೋಡಲೆಂದು ತಿಕೋಟಾಕ್ಕೆ ಬಂದ ಅಣ್ಣ, ಚಾವಡಿಯಲ್ಲಿ ನನ್ನನ್ನು ವಿಚಾರಿಸಿಕೊಂಡು ನೇರವಾಗಿ ಭಾಗಾಬಾಯಿಯ ಮನೆಗೇ ಬಂದುಬಿಟ್ಟ. ನಾನು ತಾಟಿನ ಮುಂದಿದ್ದೆ. ಬಾಗಿಲಲ್ಲಿ "ನಮ್ಮ ಚನ್ನಪ್ಪ ಅದಾನೇನ್ರಿ?" ಎಂಬ ಧ್ವನಿ ಕೇಳಿ ಎದ್ದವನು ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತೆ. ಭಾಗಾಬಾಯಿ ನನ್ನ ಮುಖವನ್ನೊಮ್ಮೆ ನೋಡಿದಳು. ತಾಟಿನ ಮೇಲೆ ಬುಟ್ಟಿ ಕವಿಚಿ, ಹೊರಗೆ ಹೋಗಿ, "ಬರ್ರಿ ಯಪ್ಪಾ, ಸಾಹೇಬ್ರು ಲೇವಿ ಕೇಳಾಕ ಬಂದಾರ. ಈ ಮನ್ಯಾಗ ಏನೈತಿ ಅಂತ ನೋಡಾಕತ್ತಾರ," ಎಂದಳು.

ನನ್ನ ಮಾನ ಉಳಿಸಲು ಆಕೆ ತನ್ನ ಮನೆಯ ಊಟವನ್ನು ತಾನೇ ಬುಟ್ಟಿಯಡಿ ಮುಚ್ಚಿಟ್ಟಳು.

ಅಣ್ಣ ನನ್ನನ್ನು ನೋಡಿ ಹಿಗ್ಗಿದ. "ಮಾರಿ ಮ್ಯಾಲ ಕಳೆ ಬಂದೈತಲ್ಲೋ! ಹೊಟ್ಟಿ ಹ್ಯಾಂಗೈತಿ?"

"ಅರಾಮೈತಿ."

"ಏನ್ ಔಷಧ ತಗೊಂಡಿ?"

"ಔಷಧ ಏನಿಲ್ಲ. ಇಲ್ಲೀ ನೀರಿನ ಗುಣ."

ಅಣ್ಣನ ಕಣ್ಣು ಹೊಳೆಯಿತು. ಯಾವ ಬಾವಿ ಎಂದು ಭಾಗಾಬಾಯಿಯನ್ನು ಕೇಳಿ ತಿಳಿದುಕೊಂಡು, ಎರಡು ಕೊಡ ನೀರು ತುಂಬಿಸಿ ಬಂಡಿಯಲ್ಲಿಟ್ಟುಕೊಂಡು ಹೋದ. ಮುಂದೆ ಪ್ರತಿ ವಾರ ಬಬಲೇಶ್ವರದಿಂದ ಆ ಬಾವಿಗೆ ಬಂಡಿ ಬರತೊಡಗಿತು. ಬಂಡಿಯನ್ನು ಕಂಡರೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ.

ಕೆಲಸ ಮುಗಿಸಿ ವಿಜಾಪುರಕ್ಕೆ ಮರಳಿದಾಗ ಬಾಗಿಲು ತೆಗೆದ ನೀಲವ್ವನನ್ನು ನಾನು ಒಂದು ಕ್ಷಣ ಗುರುತಿಸಲಿಲ್ಲ. ಜೋಳದ ನುಚ್ಚು, ಮಜ್ಜಿಗೆಯ ಮೇಲೆ ದಿನ ಕಳೆದಿದ್ದ ಅವಳ ಕೊರಳ ಎಲುಬುಗಳು ಎದ್ದು ಕಾಣುತ್ತಿದ್ದವು, ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಮೂರು ರೊಟ್ಟಿ ಬಡಿದು, ಎರಡನ್ನು ನನ್ನ ಮುಂದಿಟ್ಟು ಕೂತಳು. ಉಂಡೆ. ಸಂಜೆಯವರೆಗೆ ಕಾದಳು. ಅರಗಿತು. ಆಗ ಬುಟ್ಟಿಯಲ್ಲಿ ಉಳಿದಿದ್ದ ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ಶಿವಾ ನನ್ನ ಮಾತು ಕೇಳಿದಾ," ಎಂದು ಅತ್ತಳು. ನಾನು ಅವಳ ಕಣ್ಣೊರೆಸಿದೆ. ಹೇಳುವುದಾದರೆ ಆಗ ಹೇಳಬೇಕಾಗಿತ್ತು.

ಆ ಬಳಿಕ ಹಬ್ಬಕ್ಕೆ ಬಬಲೇಶ್ವರಕ್ಕೆ ಹೋದಾಗ ಅಣ್ಣನ ಹೆಂಡತಿ ಗುರವ್ವ ವೈನಿಯ ಮುಂದೆ ನೀಲವ್ವ ತನ್ನ ಹರಕೆಯ ಫಲವನ್ನು ಬಣ್ಣಿಸಿದಳು. ವೈನಿಯ ಕಂಕುಳಲ್ಲಿ ಎಂಟು ತಿಂಗಳ ಮಗು. ಆಕೆ ನನ್ನ ಕಡೆ ತಿರುಗಿ, "ಖರೇನ ಗುಣಾ ಆತೇನ್ರಿ? ಇವರು ನೀರು ಕುಡುದು ಕುಡುದು ದಣದಾರ," ಎಂದು ಕೇಳಿದರು. ನಾನು ಬೀದಿಯಲ್ಲಿ ಆಡಿಸುವ ಹಾಗೆ ತಲೆಯಾಡಿಸಿದೆ. ವೈನಿ ಅದನ್ನು ಹೌದೆಂದು ತಿಳಿದುಕೊಂಡರು.

ಒಂದು ತಿಂಗಳಾಗುವಷ್ಟರಲ್ಲಿ ಸುದ್ದಿ ಬಂತು: ನೀಲವ್ವನಂತೆಯೇ ಗಂಡನ ಹೊಟ್ಟೆಗಾಗಿ ರೊಟ್ಟಿ ಬಿಟ್ಟಿದ್ದ ವೈನಿ ತುಂಬಿದ ಕೊಡ ಹೊತ್ತು ಊರ ಬಾವಿಯ ಮೆಟ್ಟಿಲೇರುವಾಗ ತಲೆ ಸುತ್ತಿ ಬಿದ್ದಿದ್ದಾರೆ. ನಾನೊಬ್ಬನೇ ಓಡಿದೆ. ಬಲಗೈ ಮುರಿದಿತ್ತು; ಬಿದಿರಿನ ದಬ್ಬೆ ಕಟ್ಟಿದ್ದರು. ಎದೆಹಾಲು ಬತ್ತಿದ್ದರಿಂದ ಮಗು ಕಚ್ಚಿ ಕಚ್ಚಿ ಬಿಟ್ಟು ಅಳುತ್ತಿತ್ತು. "ಇವರ ಹೊಟ್ಟಿ ಇನ್ನೂ ನೆಟ್ಟಗಾಗಿಲ್ರಿ. ನನ್ನ ಭಕ್ತಿ ಕಡಿಮಿ ಬಿತ್ತೇನೋ," ಎಂದರು ವೈನಿ.

ಇನ್ನು ತಡೆಯಲಾಗಲಿಲ್ಲ. ಅಣ್ಣನ ಎದುರಿಗೇ ಎಲ್ಲವನ್ನೂ ಹೇಳಿದೆ: ಮಾರುತಿ, ಗೂಟಕ್ಕೆ ಹಾಕಿದ ಕರಡಿಗೆ, ಬುಟ್ಟಿಯ ಕೆಳಗಿನ ತಾಟು. ಅಣ್ಣ ಒಂದೇ ಮಾತು ಕೇಳಿದ.

"ಅಂದ್ರ, ನೀರು?"

"ನೀರಲ್ಲ."

ಮೂಲೆಯಲ್ಲಿ ತಿಕೋಟಾದ ಎರಡು ಕೊಡಗಳು ತುಂಬಿ ಕೂತಿದ್ದವು. ಅಣ್ಣ ಅವನ್ನು ಒಂದೊಂದಾಗಿ ಎತ್ತಿ ಹೊರಗೆ ಒಯ್ದು ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಗೆ ಸುರಿದ. ಹೊಲದ ಕಡೆ ನಡೆದುಹೋದ. ನಾಲ್ಕು ತಿಂಗಳು ನನ್ನೊಡನೆ ಮಾತಾಡಲಿಲ್ಲ. ವೈನಿ ಮಾತ್ರ ಗೋಡೆಗೆ ಒರಗಿ, "ನೀಲವ್ವಗ ಹೇಳೀರೇನು?" ಎಂದರು. ಇಲ್ಲವೆಂದೆ. "ಹಂಗಾದ್ರ ಇಲ್ಲ್ಯಾಕ ಕುಂತೀರಿ? ಹೋಗ್ರಿ," ಎಂದರು.

ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತೇ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕಪ್ಪಾದುದನ್ನು ಮಾತ್ರ ಗಮನಿಸಲಿಲ್ಲ. ಜಾತಿ ಕೆಡಿಸಿದಿರಿ ಎಂದು ಬೈಯುತ್ತಾಳೆ, ತವರಿಗೆ ಹೋಗುತ್ತೇನೆ ಎನ್ನುತ್ತಾಳೆ ಎಂದು ದಾರಿಯುದ್ದಕ್ಕೂ ಉತ್ತರಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಅವಳು ಅಂದದ್ದೇ ಬೇರೆ.

"ಹಂಗಾದ್ರ ನಾ ರೊಟ್ಟಿ ಬಿಟ್ಟದ್ದರಿಂದ ಏನೂ ಆಗಲಿಲ್ಲ ಅಂದಂಗಾತು."

ಮುಚ್ಚಿಟ್ಟದ್ದು ತಪ್ಪೆಂದು ಗೊತ್ತಿತ್ತು. ಹೇಳುವಾಗಲೂ ನಾನು ಅವಳಿಂದ ಏನನ್ನೋ ಕಸಿದುಕೊಳ್ಳುತ್ತಿದ್ದೇನೆಂದು ಆವರೆಗೆ ಹೊಳೆದಿರಲಿಲ್ಲ. ತಾನು ಹಸಿದು ಗಂಡನನ್ನು ಉಳಿಸಿಕೊಂಡೆನೆಂಬ ಒಂದು ಹೆಮ್ಮೆ ಅವಳದಾಗಿತ್ತು. ತಡವರಿಸುತ್ತ, "ಎರಡೂ ಕೂಡಿ ಗುಣಾ ಆಗಿರಬೇಕು," ಎಂದೆ.

"ಈಗ ಮತ್ತೊಂದು ಸುಳ್ಳು ಹೇಳಬ್ಯಾಡ್ರಿ."

ಎಂಟು ದಿನ ಮನೆಯಲ್ಲಿ ತೀರ ಬೇಕಾದಷ್ಟೇ ಮಾತು. ಈ ನಡುವೆ ಹೊಟ್ಟೆ ಹಳೆಯ ಚಾಳಿಗೆ ತಿರುಗುತ್ತಿತ್ತು. ಯಾರ ಮುಂದೂ ಹೇಳಿಕೊಳ್ಳುವ ಮುಖ ನನಗಿರಲಿಲ್ಲ. ಒಂಬತ್ತನೆಯ ದಿನ ರವಿವಾರ. ನೀಲವ್ವ ಸೀರೆ ಬದಲಿಸಿ ಬಂದು ನಿಂತಳು. "ನಾ ಆ ಭಾಗಾಬಾಯಿನ್ನ ನೋಡಬೇಕು."

ಪೆಟ್ರೋಲು ಸಿಗದ ಆ ದಿನಗಳಲ್ಲಿ ಇದ್ದಲಿನ ಗ್ಯಾಸಿನಿಂದ ಓಡುತ್ತಿದ್ದ ಮೋಟಾರು ದಿಬ್ಬ ಬಂದಾಗಲೆಲ್ಲ ನಿಂತು, ಗಂಡಸರಾದ ನಾವು ಇಳಿದು ತಳ್ಳಿ, ತಿಕೋಟಾ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಭಾಗಾಬಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನ ಹಿಂದೆ ನೀಲವ್ವನನ್ನು ಕಂಡವಳೇ ಸೆರಗು ಸರಿಮಾಡಿಕೊಂಡು ಎದ್ದು, ನಾನು ಬಾಯಿ ತೆರೆಯುವ ಮೊದಲೇ, "ಬರ್ರಿ ಅವ್ವಾರ. ಸಾಹೇಬ್ರು ಲೇವಿ ಕೆಲಸಕ್ಕ ಒಂದೆರಡು ಸಲ ಬಂದಿದ್ರು, ಅಷ್ಟ..." ಎಂದು ಸುರು ಮಾಡಿದಳು. ನಾನು ಕೇಳದಿದ್ದರೂ ಆಕೆ ನನ್ನ ಸುಳ್ಳನ್ನು ಇನ್ನೂ ಕಾಯುತ್ತಿದ್ದಳು.

"ಎಲ್ಲಾ ಹೇಳ್ಯಾರ ಬಾಯಿ," ಎಂದಳು ನೀಲವ್ವ.

ಇಬ್ಬರೂ ಜೋಳದ ಮೊರದ ಆಚೆ ಈಚೆ ಕೂತರು. ನಾನು ಕಂಬದ ಹತ್ತಿರ ನಿಂತೇ ಇದ್ದೆ. ಕೂಡ್ರಿ ಎಂದು ಯಾರೂ ಅನ್ನಲಿಲ್ಲ. ನೀಲವ್ವ ಮೊರದಿಂದ ಒಂದು ಹರಳು ಆರಿಸಿ ಹೊರಗೆಸೆದು ಕೇಳಿದಳು:

"ಹ್ಯಾಂಗ ಉಣ್ತಿದ್ರು?"

ಭಾಗಾಬಾಯಿ ನನ್ನ ಕಡೆಗೊಮ್ಮೆ ನೋಡಿ ಹೇಳಿದಳು: "ತಲಿ ಮ್ಯಾಲೆತ್ತದ ಉಣ್ತಿದ್ರವ್ವಾ. ಬರೇ ಉಪ್ಪು ಹಾಕು ಅಂದಿದ್ರು. ಹ್ಯಾಂಗ ಗಂಟಲಾಗ ಇಳಿದೀತು ಅಂತ ನಾ ಕದ್ದು ಎರಡ ಎಸಳು ಬಳ್ಳೊಳ್ಳಿ ಜಜ್ಜಿ ಹಾಕತಿದ್ದೆ. ಒಂದು ತಿಂಗಳು ಹಾಕೀನಿ. ಒಂದ ದಿನಾನೂ ಛಲೋ ಆಗೇತಿ ಅನಲಿಲ್ಲ, ಕೆಟ್ಟಾಗೇತಿ ಅಂತನೂ ಅನಲಿಲ್ಲ. ನಾ ಏನರೆ ತಪ್ಪು ಮಾಡಾಕತ್ತೀನೇನೋ ಅನಸ್ತಿತ್ತು."

ನೀಲವ್ವ ಮೊರ ಕೆಳಗಿಟ್ಟಳು. ಎಂಟು ದಿನದ ಮೇಲೆ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು.

"ಕೇಳಾಕತ್ತಾಳಲ್ಲ, ಹೇಳ್ರಿ."

ನನ್ನ ಹೆಂಡತಿಯ ಎದುರು, ನನ್ನ ಕೊರಳಲ್ಲಿ ಕರಡಿಗೆ ತೂಗುತ್ತಿರುವಾಗ, ಆ ಶಬ್ದವನ್ನು ಆಡಬೇಕಾಗಿತ್ತು.

"ರುಚಿ ಇತ್ತು, ಭಾಗಾಬಾಯಿ," ಎಂದೆ. "ದಿನಾ ರುಚಿ ಇತ್ತು."

ಭಾಗಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೀಲವ್ವ ಮೊರವನ್ನು ಮತ್ತೆ ತನ್ನ ಕಡೆ ಎಳೆದುಕೊಂಡು, ತಲೆ ಬಗ್ಗಿಸಿ, ಹರಳು ಆರಿಸತೊಡಗಿದಳು.