ಹಗಲು ಮಲಗುವವರಿಗೊಂದು ಮೊದಲ ಸಾಲು

ಕೊರೋನಾ ಕಳೆದ ಮೇಲಿನ ಎರಡನೇ ಚಳಿಗಾಲ. ನಾನು ಆಗ ಜಯನಗರದಲ್ಲಿ, ಒಂದು ತಿಂಡಿ ಹೋಟೆಲಿನ ಮೇಲಿನ ಮಹಡಿಯಲ್ಲಿದ್ದ ವಿಡಿಯೊ ಸ್ಟುಡಿಯೊದಲ್ಲಿ ಹುಕ್ ರೈಟರ್ ಆಗಿದ್ದೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ರೇಡಿಯೊ ಜಾಹೀರಾತು ಬರೆದವನು; ಸೋಪು, ಸೀರೆ, ಸಿಮೆಂಟು ಎಲ್ಲಕ್ಕೂ ಮಾತು ಹೊಸೆದವನು. ಆ ಕೆಲಸ ಮೆಲ್ಲಗೆ ಕರಗಿಹೋದಾಗ ಐವತ್ತಾರನೇ ವಯಸ್ಸಿನಲ್ಲಿ ಇಲ್ಲಿಗೆ ಬಂದು ಕೂತೆ. "ದಿನಕ್ಕೆ ಹತ್ತು ಸಾಲು ಬರೀತಾರೆ, ಅದಕ್ಕೂ ಸಂಬಳ ಕೊಡ್ತಾರೆ" ಎಂದು ನನ್ನ ಹೆಂಡತಿ ನೆಂಟರಿಗೆ ನನ್ನ ಹುದ್ದೆಯನ್ನು ವಿವರಿಸುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹುಕ್ ಎಂದರೆ ವಿಡಿಯೊದ ಮೊದಲ ಮಾತು. ಬೆರಳಿನಿಂದ ಫೋನನ್ನು ಮೇಲಕ್ಕೆ ತಳ್ಳುತ್ತ ಹೋಗುವ ಮನುಷ್ಯ ಒಂದು ವಿಡಿಯೊದ ಮುಂದೆ ನಿಲ್ಲಬೇಕೋ ಬೇಡವೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಿಬಿಡುತ್ತಾನೆ. ಅಷ್ಟರೊಳಗೆ ಅವನಿಗೆ ಆಸೆಯಾಗಬೇಕು, ಇಲ್ಲವೇ ಅನುಮಾನ ಬರಬೇಕು, ಇಲ್ಲವೇ ಹೆದರಿಕೆಯಾಗಬೇಕು. ಈ ಮೂರರಲ್ಲಿ ಹೆದರಿಕೆ ಎಂದೂ ಕೈಕೊಡುವುದಿಲ್ಲ ಎಂಬುದು ನಮ್ಮ ಸ್ಟುಡಿಯೊದ ಮಾಲೀಕ ಕಿರಣ್ ನನಗೆ ಹೇಳಿಕೊಟ್ಟ ಮೊದಲ ಪಾಠ. ಕಿರಣ್ ನನ್ನ ಅರ್ಧ ವಯಸ್ಸಿನವನು, ಆದರೂ ಗುರು ಗುರುವೇ.

ನಮ್ಮ ಕಸುಬಿನಲ್ಲಿ ಇನ್ನೊಂದು ರೂಢಿ ಇತ್ತು. ಹುಕ್ ಬರೆಯುವವರು ವಿಡಿಯೊವನ್ನು ಪೂರ್ತಿ ನೋಡುವುದಿಲ್ಲ. ದಿನಕ್ಕೆ ಹತ್ತಾರು ಬರುತ್ತವೆ, ಪುರುಸೊತ್ತೆಲ್ಲಿ? ವಿಷಯ ಏನೆಂದು ಕೇಳಿಕೊಂಡು, ನಡುವೆ ಅಲ್ಲಲ್ಲಿ ಒತ್ತಿ ನೋಡಿ ಬರೆದುಬಿಡುವುದು. ಮಿಕ್ಕ ಹೊತ್ತಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದೆ. ಆ ತಿಂಗಳಲ್ಲಿ ನಮ್ಮ ರಸ್ತೆಯ ಮರಗಳು ಎಲೆ ಉದುರಿಸಿ ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿದ್ದವು. ಒಂದೊಂದೇ ಹೂ ಕಳಚಿಕೊಂಡು, ತಿರುಗುತ್ತ, ನಿಲ್ಲಿಸಿದ ಸ್ಕೂಟರುಗಳ ಸೀಟಿನ ಮೇಲೆ ಬೀಳುತ್ತಿತ್ತು. ನಾನು ಹುಟ್ಟಾ ಹಗಲುಗನಸಿನವನು. ಬೈಸಿಕೊಂಡರೂ ಬುದ್ಧಿ ಬಂದಿಲ್ಲ.

ಅಂಥ ಒಂದು ಮಧ್ಯಾಹ್ನ ವನಜಾಕ್ಷಿ ಮೇಡಂ ಬಂದರು. ಅರವತ್ತೆರಡು ವಯಸ್ಸು, ಬಿಟಿಎಂ ಲೇಔಟಿನಲ್ಲಿ ಸ್ವಂತ ಮನೆ, ದೊಡ್ಡ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ವಾರ್ಡ್ ಸಿಸ್ಟರ್ ಆಗಿ ನಿವೃತ್ತರಾದವರು. ಅವರ ಮನೆಯ ತಾರಸಿ ರೂಮಿನಲ್ಲಿ ಬಸವರಾಜ ಎಂಬಾತ ಬಾಡಿಗೆಗಿದ್ದ. ಬಾಗಲಕೋಟೆ ಕಡೆಯವನು, ಕಂಪನಿಯೊಂದರ ರಾತ್ರಿ ಪಾಳಿಯವರನ್ನು ಕರೆದೊಯ್ದು ಕರೆತರುವ ಕ್ಯಾಬ್ ಡ್ರೈವರ್. ಅವನಿಗೆ ಹಗಲಿನಲ್ಲಿ ನಿದ್ರೆ ಹತ್ತುತ್ತಿರಲಿಲ್ಲ. ಒಂದು ಬೆಳಗಿನ ಜಾವ ಸ್ಟೀರಿಂಗ್ ಹಿಡಿದೇ ತೂಕಡಿಸಿ ಕಾರನ್ನು ಡಿವೈಡರಿಗೆ ಉಜ್ಜಿದ್ದ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಸಲ ಹೀಗಾದರೆ ಕೆಲಸ ಇಲ್ಲ ಎಂದು ಕಂಪನಿಯವರು ಹೇಳಿದ್ದರು.

ಮೇಡಂ ಅವನಿಗೋಸ್ಕರ ಫೋನಿನಲ್ಲಿ ತಮ್ಮ ದನಿಯನ್ನು ರೆಕಾರ್ಡ್ ಮಾಡಿ ಕೊಟ್ಟರು. ಇಪ್ಪತ್ತನಾಲ್ಕು ನಿಮಿಷ. ಮಡಿವಾಳ ಕೆರೆಯ ಸುತ್ತ ನಿಧಾನವಾಗಿ ಒಂದು ಸುತ್ತು ನಡೆದು ಬರುವುದು, ಅಷ್ಟೆ. ಇಲ್ಲೊಂದು ಕಲ್ಲುಬೆಂಚು, ಅಲ್ಲಿ ನೀರಲ್ಲಿ ಮುಳುಗಿ ಏಳುವ ಹಕ್ಕಿ, ಈಗ ದಾರಿ ಎಡಕ್ಕೆ ತಿರುಗಿತು. ಬಸವರಾಜ ಮೊದಲ ದಿನವೇ ನಿದ್ದೆಹೋದ. ಅವನ ಗೆಳೆಯರೂ ಕೇಳಿದರು. ಮೇಡಂ ಒಂದು ಚಾನೆಲ್ ಮಾಡಿ ಅಲ್ಲಿ ಹಾಕಿದರು. ಆರು ತಿಂಗಳಾದರೂ ಕೇಳುವವರು ನೂರು ದಾಟಲಿಲ್ಲ.

"ಈ ಊರಲ್ಲಿ ಹಗಲು ಮಲಗೋರು ಎಷ್ಟು ಸಾವಿರ ಜನ ಇದ್ದಾರೋ ಸಾರ್" ಎಂದರು ಮೇಡಂ. "ಅವರಿಗೆ ಇದು ತಲುಪಬೇಕು, ಅಷ್ಟೇ ನನ್ನಾಸೆ."

ನಾನು ವಿಡಿಯೊದ ಮೊದಲ ಒಂದು ನಿಮಿಷ ಕೇಳಿದೆ. ಮೇಡಂ ಗಂಟಲು ಸರಿಮಾಡಿಕೊಳ್ಳುತ್ತಾರೆ, ನಮಸ್ಕಾರ ಹೇಳುತ್ತಾರೆ, ನೀರು ಕುಡಿದಿರಾ ಎಂದು ಕೇಳುತ್ತಾರೆ. ಕಾಮೆಂಟುಗಳನ್ನು ನೋಡಿದೆ, ನಾಲ್ಕೋ ಐದೋ ಇದ್ದವು. ಸತ್ತ ಚಾನೆಲ್ ಎಂದು ಮನಸ್ಸಿನಲ್ಲೇ ಷರಾ ಬರೆದೆ. ಅವರು ಕಾಫಿ ಮುಗಿಸುವಷ್ಟರಲ್ಲಿ ಹುಕ್ ಸಿದ್ಧವಾಗಿತ್ತು: "ನೀವು ಹಗಲು ಮಲಗ್ತೀರಾ? ನಿಮ್ಮ ಹೃದಯಕ್ಕೆ ದಿನಾ ಏನಾಗ್ತಿದೆ ಗೊತ್ತಾ?"

ಮೇಡಂ ಎರಡು ಸಲ ಓದಿದರು. "ಹೆದರಿಸಿ ಮಲಗಿಸೋದಾ ಸಾರ್?"

"ನಮ್ಮಮ್ಮಂದಿರು ಮತ್ತೆ ಹೆಂಗೆ ಮಲಗಿಸಿದ್ರು ಮೇಡಂ? ಗುಮ್ಮ ಬರ್ತಾನೆ ಅಂತಾನೇ ಅಲ್ವಾ?" ಎಂದೆ. ನನ್ನ ಜಾಣತನಕ್ಕೆ ಕಿರಣ್ ಜೋರಾಗಿ ನಕ್ಕ. ಮೇಡಂ ನಗಲಿಲ್ಲ. ಆದರೆ ಕಸುಬು ಬಲ್ಲವರು ಹೇಳುತ್ತಿದ್ದಾರೆ ಎಂದು ಒಪ್ಪಿಕೊಂಡರು. ಮೈಕಿನ ಮುಂದೆ ಕೂತು, ವಾರ್ಡಿನ ಆ ಮೃದುವಾದ ದನಿಯಲ್ಲೇ ಆ ಸಾಲನ್ನು ಓದಿದರು. ಆ ದನಿಯಲ್ಲಿ ಅದು ಇನ್ನೂ ಭಯಂಕರವಾಗಿ ಕೇಳಿಸಿತು. ಸಖತ್ತಾಗಿದೆ ಎಂದೆವು.

ಆ ಸಾಲನ್ನು ಮುಂದೆ ಅಂಟಿಸಿ ಮತ್ತೆ ಹಾಕಿದ ವಿಡಿಯೊ ಓಡಿತು. ವಾರದೊಳಗೆ ನೋಡಿದವರ ಸಂಖ್ಯೆ ಎಂಬತ್ತು ಸಾವಿರ ದಾಟಿತು. ಕಾಮೆಂಟುಗಳು ಮುನ್ನೂರಕ್ಕೂ ಹೆಚ್ಚು: ಹೌದಾ ಸಿಸ್ಟರ್, ನನಗೆ ಎಡಗೈ ನೋಯುತ್ತೆ, ಇದು ಅದೇನಾ, ನಾನು ಎಂಟು ವರ್ಷದಿಂದ ನೈಟ್ ಶಿಫ್ಟು, ಏನು ಮಾಡಲಿ. ಕಿರಣ್ ಕೆಳಗಿನ ಹೋಟೆಲಿನಿಂದ ಎಲ್ಲರಿಗೂ ಜಹಾಂಗೀರ್ ತರಿಸಿದ. ನಾನು ಎರಡು ತಿಂದೆ. ಆ ಮುನ್ನೂರು ಜನರಲ್ಲಿ ಒಬ್ಬರೂ ನಿದ್ದೆ ಮಾಡುತ್ತಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಮಲಗಿದವರು ಕಾಮೆಂಟ್ ಬರೆಯುವುದಿಲ್ಲವಲ್ಲ. ಮೊದಲಿದ್ದ ನಾಲ್ಕೈದು ಕಾಮೆಂಟೇ ಆ ಚಾನೆಲಿನ ಗೆಲುವಾಗಿತ್ತು.

ಒಂಬತ್ತನೇ ದಿನ, ಗುರುವಾರ, ಮೇಡಂ ಬಸವರಾಜನನ್ನು ಕರೆದುಕೊಂಡು ಸ್ಟುಡಿಯೊಗೆ ಬಂದರು. ದಷ್ಟಪುಷ್ಟ ಆಳು, ಮೂವತ್ತನಾಲ್ಕರ ಆಸುಪಾಸು. ಕಣ್ಣು ಕೆಂಡವಾಗಿತ್ತು. ಕುರ್ಚಿಯ ಅಂಚಿನಲ್ಲಿ ಕೂತ.

"ನಿದ್ದಿ ಬರವಲ್ದ್ರಿ ಸರ" ಎಂದ. "ಅಮ್ಮಾರ ದನಿ ಕೇಳಿದ ಕೂಡ್ಲೇ ಎದಿ ಡವಡವ ಅಂತೈತಿ."

ಹಳೆಯ ವಿಡಿಯೊ ಹಾಕಿಕೊಳ್ಳಿ ಎಂದೆ.

"ಅದೂ ಅಷ್ಟರಿ. ಮುಂದ ಏನ್ ಅಂತಾರೋ ಅಂತ ಕಿವಿ ಅಲ್ಲೇ ಇರತೈತಿ. ನಿದ್ದಿಗಣ್ಣಾಗ ಗಾಡಿ ಮುಟ್ಟೂದ ಬ್ಯಾಡಂತ ನಾಕು ದಿನ ರಜಾ ಹಾಕೀನ್ರಿ. ಸೋಮವಾರ ಹೋಗಲಿಲ್ಲಂದ್ರ ಬ್ಯಾರೆಯವ್ರನ್ನ ತಗೋತಾರ."

ಒಂದು ಕೆಟ್ಟ ಸಾಲನ್ನು ಅಳಿಸಬಹುದು. ಆ ಸಾಲು ಮುಟ್ಟಿದ ದನಿಯನ್ನು ಏನು ಮಾಡುವುದು? ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತೇ ಹೇಳಬೇಕು ಅಂದ್ಕೊಂಡೆ ಸಾರ್" ಎಂದರು. "ಗುಮ್ಮ ಬರ್ತಾನೆ ಅಂತ ಹೇಳೋವಾಗ ಅಮ್ಮ ಪಕ್ಕದಲ್ಲೇ ಮಲಗಿರ್ತಾಳೆ. ನಾವು ಫೋನೊಳಗಿದ್ದೀವಿ."

ಆ ದಿನವೇ ವಿಡಿಯೊವನ್ನು ತೆಗೆಸಿದೆ. ಎಂಬತ್ತು ಸಾವಿರ ಕಣ್ಣೆದುರೇ ಮಾಯವಾದವು. ಕಿರಣ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ನಾನು ರಾಗಿ ಬೀಸಿದ ಹಾಗೆ ಕೂತಲ್ಲೇ ಕೂತು ಹನ್ನೊಂದು ಹೊಸ ಹುಕ್ ಬರೆದೆ, ಎಲ್ಲವೂ ಮೆತ್ತಗಿನವು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ರೆಕಾರ್ಡರು, ಮೈಕು ಹಿಡಿದು ಅವರ ಮನೆಗೇ ಹೋದೆ. ನನ್ನ ಕೆಲಸದಲ್ಲಿ ಹಾಗೆ ಯಾರ ಮನೆಗೂ ಹೋದದ್ದಿರಲಿಲ್ಲ.

ಮೇಡಂ ನಡುಮನೆಯಲ್ಲಿ ಮೊರದ ತುಂಬ ಅವರೆಕಾಯಿ ಹರಡಿಕೊಂಡು ಬಿಡಿಸುತ್ತಿದ್ದರು. ಸೊಗಡಿನ ವಾಸನೆ ಗೇಟಿನವರೆಗೂ ಬಂದಿತ್ತು. ನನ್ನ ಹನ್ನೊಂದು ಸಾಲುಗಳನ್ನು ಕೇಳಿಸಿಕೊಂಡು, "ಎಲ್ಲಾ ಮಲಗು ಮಲಗು ಅಂತಾನೇ ಹೇಳ್ತಿವೆ ಸಾರ್. ವಾರ್ಡಲ್ಲಿ ನಾವು ಆ ಮಾತೇ ಎತ್ತುತ್ತಿರಲಿಲ್ಲ" ಎಂದರು.

ಮೇಲೆ ಹೋಗಿ ಬಸವರಾಜನನ್ನು ಮಾತಾಡಿಸಿದೆ. ಚಿಲಕ ತೆಗೆದು ಬಾಗಿಲು ತೆರೆದ. ಕಿಟಕಿಗೆ ದುಪ್ಪಟಿ ಕಟ್ಟಿದ್ದ. ಮಲಗಿದಾಗ ಮನಸ್ಸಿನಲ್ಲಿ ಏನಿರುತ್ತದೆ ಎಂದು ಕೇಳಿದೆ. ಈ ಪ್ರಶ್ನೆಯನ್ನು ಮೇಡಂ ಮೊದಲು ಬಂದ ದಿನವೇ ಕೇಳಬೇಕಿತ್ತು.

"ಬಾಗಲಾ ರೀ" ಎಂದ ಅವನು. "ಊರೆಲ್ಲಾ ಎಚ್ಚರ ಇರತೈತಿ, ನಾ ಒಬ್ಬನ ಮಲಗಿರತೀನಿ. ಯಾರರ ಕರದ್ರ? ಗ್ಯಾಸ್‌ನವ್ರು ಬಂದ್ರ? ಚಿಲಕ ಹಾಕಿದ್ರೂ ಕಿವಿ ಅಲ್ಲೇ. ಕಳ್ಳನಂಗ ಮಲಗಿದಂಗ ಅನಸತೈತಿ ಸರ."

ಕೆಳಗೆ ಬಂದು ಇದನ್ನು ಮೇಡಂಗೆ ಹೇಳಿದೆ. ಅವರ ಕೈ ಒಂದು ಗಳಿಗೆ ನಿಂತಿತು. "ವಾರ್ಡಲ್ಲೂ ಇದೇ ಸಾರ್. ಸಿಸ್ಟರ್ ಎಚ್ಚರ ಇದಾಳೆ ಅಂತ ಗೊತ್ತಾದ್ರೆ ಪೇಷೆಂಟ್ ಮಲಗ್ತಾನೆ. ಅಷ್ಟೇ ವಿದ್ಯೆ" ಎಂದವರೇ ಮೊರ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

ತಾರಸಿ ರೂಮಿನ ಹೊಸ್ತಿಲಲ್ಲಿ ಕೂತರು. ಬಸವರಾಜ ಸಂಕೋಚದಿಂದಲೇ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ. ನಾನು ಮೈಕನ್ನು ಮೊರದ ಪಕ್ಕ ಇಟ್ಟು, ಒಳಗೆ ಗೋಡೆಗೊರಗಿ ಕೂತೆ. ಮೇಡಂ ಕಾಯಿ ಬಿಡಿಸತೊಡಗಿದರು. ಕಾಯಿ ಸಿಪ್ಪೆ ಬಿಡುವ ಸಣ್ಣ ಸದ್ದು, ಕಾಳು ಪಾತ್ರೆಗೆ ಬೀಳುವ ಸದ್ದು. ಆಮೇಲೆ, ಪಕ್ಕದ ಮನೆಯವರಿಗೆ ಹೇಳುವ ಹಾಗೆ ಹೇಳಿದರು:

"ನಾನು ಬಾಗಿಲಲ್ಲೇ ಕೂತಿದ್ದೀನಿ. ಅವರೆಕಾಯಿ ಇನ್ನೂ ತುಂಬಾ ಇದೆ, ಎಲ್ಲೂ ಹೋಗಲ್ಲ. ಯಾರಾದ್ರೂ ಬಂದ್ರೆ ನಾನು ನೋಡ್ಕೋತೀನಿ."

ಗೋಡೆ ಕಡೆ ತಿರುಗಿದ್ದ ಬೆನ್ನು ಒಂದು ಸಲ ಉದ್ದಕ್ಕೆ ಉಸಿರೆಳೆದು ಬಿಟ್ಟದ್ದು ಕಂಡಿತು. ಮೇಡಂ ಮಾತಿನಲ್ಲೇ ಕೆರೆಯ ಕಡೆ ಹೊರಟರು. ನಾನೂ ಹೊರಟೆ. ಕಲ್ಲುಬೆಂಚು ಬಂತು. ನೀರು ಹಸಿರಾಗಿತ್ತು, ಬಿಸಿಲು ಅದರ ಮೇಲೆ ಬಟ್ಟೆ ಒಣಹಾಕಿದಂತೆ ಹರಡಿತ್ತು. ದಾರಿ ಎಡಕ್ಕೆ ತಿರುಗಿದ ಮೇಲೆ ಕೆರೆ ದೊಡ್ಡದಾಗುತ್ತ ಹೋಯಿತು; ಜಯನಗರವೂ ಅದರ ದಂಡೆಯಲ್ಲೇ ಇತ್ತು. ಗುಲಾಬಿ ಹೂಗಳು ನೀರಿಗೆ ಬೀಳುತ್ತಿದ್ದವು. ಇಪ್ಪತ್ತೆರಡು ವರ್ಷ ನಾನು ಬರೆದ ಜಾಹೀರಾತುಗಳನ್ನು ಯಾರೋ ಆಚೆ ದಡದಲ್ಲಿ ಬಲು ಮೆಲ್ಲಗೆ ಓದುತ್ತಿದ್ದರು. ಅವಸರವೇ ಇಲ್ಲದೆ ಓದಿದರೆ ಅವೂ ಕೇಳುವ ಹಾಗಿದ್ದವು. ಒಂದು ಹಕ್ಕಿ ಮುಳುಗಿತು. ಅದು ಏಳುವುದನ್ನು ಕಾಯುತ್ತ ನಿಂತೆ.

ಕಣ್ಣು ಬಿಟ್ಟಾಗ ಹೊಸ್ತಿಲಿನ ಬಿಸಿಲು ತಾರಸಿಯ ಆ ಕೊನೆಗೆ ಹೋಗಿತ್ತು. ಗಂಟೆ ನಾಲ್ಕೂವರೆ. ಮೇಡಂ ಅಲ್ಲೇ ಕೂತಿದ್ದರು, ಮೊರ ಖಾಲಿಯಾಗಿತ್ತು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಬಸವರಾಜ ಅಂಗಾತ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದ. ನಡುವೆ ಕೊರಿಯರ್‌ನವನು ಬಂದು ಹೋಗಿದ್ದನಂತೆ, ಮೇಡಂ ಇಳಿದು ಹೋಗಿ ಸಹಿ ಹಾಕಿ ಬಂದಿದ್ದರು. ನಮ್ಮಿಬ್ಬರಿಗೂ ಅದು ಕೇಳಿಸಿರಲಿಲ್ಲ. ನನಗೆ ಯಾಕೋ ಕಣ್ಣು ತುಂಬಿಬಂತು.

ಭಾನುವಾರ ಆ ರೆಕಾರ್ಡಿಂಗನ್ನು ಎಡಿಟ್ ಮಾಡಲು ಕೂತೆವು.

"ಸಾರ್, ಮೊದಲ ಏಳು ಸೆಕೆಂಡು ಬರೀ ಕಾಯಿ ಬಿಡಿಸೋ ಸದ್ದು. ಯಾರು ನಿಲ್ತಾರೆ?" ಎಂದ ಕಿರಣ್. ನಾನು ಪೂರ್ತಿ ಕೇಳು ಎಂದೆ. ಅವನು ಹೆಡ್‌ಫೋನ್ ಹಾಕಿಕೊಂಡ. ಹದಿಮೂರನೇ ನಿಮಿಷಕ್ಕೆ ಅವನ ಹಣೆ ಕೀಬೋರ್ಡಿಗೆ ತಾಗಿ, ಸ್ಕ್ರೀನಿನ ಮೇಲೆ ಒಂದೇ ಅಕ್ಷರ ಸಾಲುಸಾಲಾಗಿ ಮೂಡುತ್ತ ಹೋಯಿತು. ಎದ್ದ ಮೇಲೆ ವಾದ ಮಾಡಲಿಲ್ಲ. ಅದನ್ನು ಹಾಗೆಯೇ ಹಾಕಿದೆವು. ಮೊದಲ ವಾರ ಕೇಳಿದವರು ಸಾವಿರವೂ ಆಗಲಿಲ್ಲ. ಈಗಲೂ ಅದು ನಿಧಾನವಾಗಿ, ಒಬ್ಬ ಡ್ರೈವರ್ ಇನ್ನೊಬ್ಬನಿಗೆ, ಒಬ್ಬ ನರ್ಸ್ ಇನ್ನೊಬ್ಬಳಿಗೆ ಕಳಿಸುತ್ತ ಓಡಾಡುತ್ತಿದೆ.

ಅದಾದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಯಾರೇ ಬರಲಿ, ನಾನು ಮೊದಲು ಕೇಳುವುದು ಇದು: ಇದನ್ನು ಕೇಳುವಾಗ ಆ ಮನುಷ್ಯ ಎಲ್ಲಿರುತ್ತಾನೆ, ಪಕ್ಕದಲ್ಲಿ ಯಾರಿರುತ್ತಾರೆ? ಉತ್ತರ ಗೊತ್ತಿಲ್ಲದಿದ್ದರೆ ಹೋಗಿ ನೋಡಿಕೊಂಡು ಬರುತ್ತೇನೆ. ಜನರನ್ನು ನಿಲ್ಲಿಸುವುದು ಹೇಗೆಂದು ಬಲ್ಲೆ ಎಂಬ ಜಂಬ ನನಗಿತ್ತು. ನಿಂತವನನ್ನು ಒಂಟಿಯಾಗಿ ಬಿಟ್ಟು ಬರಬಾರದು ಎಂಬುದನ್ನು ಆ ಮನೆಯಲ್ಲಿ ಕಲಿತೆ. ಎಷ್ಟು ಜನ ನೋಡಿದರು ಎಂದು ಈಗಲೂ ನೋಡುತ್ತೇನೆ, ಹೊಟ್ಟೆಪಾಡು. ಆದರೆ ಅದು ನನಗೆ ಸಿಕ್ಕ ದೊಡ್ಡ ಫಲಿತಾಂಶವಲ್ಲ.

ದೊಡ್ಡದು ಸಿಕ್ಕಿದ್ದು ಆ ಮಂಗಳವಾರ ಬೆಳಿಗ್ಗೆ. ಸೋಮವಾರ ಬಸವರಾಜ ಡ್ಯೂಟಿಗೆ ಹೋಗಿದ್ದ. ನಾನು ಕೆಳಗಿನ ಹೋಟೆಲಿನಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆ, ಕುಡಿಯುತ್ತಿದ್ದೆ ಎಂಬುದು ಹೆಸರಿಗೆ, ಲೋಟದಲ್ಲೇ ಆರಿಹೋಗಿತ್ತು. ಎಂಟಕ್ಕೆ ಫೋನ್ ಬಂತು.

"ಬಂದ ಸಾರ್" ಎಂದರು ಮೇಡಂ. "ಗಾಡಿ ನಿಲ್ಲಿಸಿ, ತಿಂಡಿ ತಿಂದು, ಮೇಲೆ ಹೋದ."

"ಆಮೇಲೆ?"

"ಆಮೇಲೇನು, ಬಾಗಿಲು ತೆಗೆದಿಟ್ಟೇ ಮಲಗಿದಾನೆ."