ಬೇವೂರಿನ ಲಕ್ಕಿ ಗಿಡ

ನಮ್ಮ ಕೆಮಿಸ್ಟ್ರಿ ಮೇಡಂ ಯಾವ ಬಾಟಲಿಯ ಮುಚ್ಚಳ ತೆಗೆದರೂ ಅಂಗೈಯಿಂದ ಗಾಳಿಯನ್ನು ಮೂಗಿನತ್ತ ಬೀಸಿಕೊಂಡು, "ಮೂಗು ಏನಂತೈತಿ?" ಎಂದು ಕೇಳುತ್ತಿದ್ದರು. ಕಾಲೇಜು ಮುಗಿಸಿ ಅವರ ಮನೆಗೆ ಹೋದಾಗ ಚಹಾದ ಮುಂದೆಯೂ ಅದೇ ಪ್ರಶ್ನೆ.

ಕಾರಟಗಿಯ ಆ ಮನೆಯ ಹಿಂದೆ, ಕಾಲುವೆ ದಂಡೆಯಲ್ಲಿ, ಒಂದು ಲಕ್ಕಿ ಗಿಡವಿತ್ತು. ಬೇವೂರಿನ ತವರಿನ ಬೇಲಿಯಿಂದ ಟೊಂಗೆ ತಂದು ನೆಟ್ಟದ್ದು. ಮೇಡಂ ಬಾಣಂತಿಯಾಗಿದ್ದಾಗ ಅವರವ್ವ ಅದೇ ಬೇಲಿಯ ಸೊಪ್ಪು ಕುದಿಸಿ ನೀರೆರೆದಿದ್ದಳಂತೆ. ಇಲ್ಲಿ ಗಿಡವೇನೋ ಆಳೆತ್ತರ ಬೆಳೆಯಿತು, ವಾಸನೆ ಮಾತ್ರ ಸಪ್ಪೆ. ಅವ್ವ ತೀರಿಕೊಂಡಳು. ರಸ್ತೆ ಅಗಲ ಮಾಡುವಾಗ ಬೇವೂರಿನ ಬೇಲಿಯೂ ಹೋಯಿತು. "ಆ ವಾಸನಿ ಇನ್ನ ಸಿಗಂಗಿಲ್ಲ ಬಿಡಪಾ" ಎಂದಿದ್ದರು ಮೇಡಂ.

ಆದರೂ ಒಂದು ಮಳೆಗಾಲ ಈ ಸಪ್ಪೆ ಗಿಡದ್ದೇ ಟೊಂಗೆಯನ್ನು ಬೇವೂರಿಗೆ ಒಯ್ದು, ತಮ್ಮನ ಕಲ್ಲುಹೊಲದ ಬದುವಿನಲ್ಲಿ ನೆಟ್ಟು ಬಂದರು. ಮರುಬೇಸಿಗೆಯಲ್ಲಿ ನನ್ನನ್ನೂ ಕರೆದೊಯ್ದರು. ಗಿಡ ಮೊಣಕಾಲೆತ್ತರವಿತ್ತು, ಎಲೆ ಸಣ್ಣವು. ಒಂದನ್ನು ಹರಿದು ಬೆರಳಲ್ಲಿ ತಿಕ್ಕಿದರು. ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ಗಿಡ ಅದೇ ಐತಿ ನೋಡು. ಈ ಬಿಸಲು, ಈ ಕಲ್ಲು, ನೀರಿಲ್ಲದ ನೆಲ ಕೂಡಿ ಎಲಿಯೊಳಗಿನ ಎಣ್ಣಿನ ಬ್ಯಾರೆ ಮಾಡ್ಯಾವು." ಪಾಠ ಹೇಳುವ ದನಿ ಅದಾಗಿರಲಿಲ್ಲ.

"ಮೂಗು ಏನಂತೈತ್ರಿ ಮೇಡಂ?" ಎಂದೆ. ಅವರು ಇನ್ನಷ್ಟು ಎಲೆ ಹರಿದು ಅಂಗೈಯಲ್ಲಿ ತಿಕ್ಕಿದರು.

ಬದುವಿನಾಚೆ ನಮಗೆ ಬೆನ್ನು ಮಾಡಿ ಕಲ್ಲು ಆರಿಸುತ್ತಿದ್ದ ತಮ್ಮ ಥಟ್ಟನೆ ತಲೆ ಎತ್ತಿದ.

"ಅಕ್ಕಾ, ಅವ್ವ ನೀರು ಕಾಸಾಕತ್ತಂಗ ಐತಲ್ಲ!"