ಎರಡೇ ಪೆಡಲಿನ ಗಾಡಿ

ನಾನು ಓದಿದ್ದು ಏಳನೇ ಕ್ಲಾಸು, ಅದೂ ಅರ್ಧ. ಇಷ್ಟು ಓದಿದವನು ಗೇರ್ ಬಾಕ್ಸಿಗೆ ಕೈ ಹಾಕಬಾರದು ಅಂತ ಎಲ್ಲೂ ಕಾನೂನಿಲ್ಲ. ಆದರೆ ಕೈ ಹಾಕುವ ಮುಂಚೆ ಗಾಡಿಯ ಮೇಲೆ ಏನು ಬರೆದಿದೆ ಅಂತ ಓದಿದವರನ್ನು ಕೇಳಬಹುದಿತ್ತು. ಓದಿದವರು ದೂರ ಇರಲಿಲ್ಲ. ಹತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ನನ್ನ ಅಕ್ಕ ಇದ್ದಳು.

ಅಕ್ಕ ಪಿಯುಸಿ ಪಾಸು. ಸಣ್ಣವಳಿದ್ದಾಗ ಜ್ವರ ಬಂದು ಎಡಗಾಲು ಸೊರಗಿತು. ನಡೆಯುವಾಗ ಎಡಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ನಡೆಯುತ್ತಾಳೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕಟಿಂಗ್ ಆದ ಜೀನ್ಸ್ ಬಟ್ಟೆಯ ಗಂಟುಗಳನ್ನು ಕುರುಗೋಡು, ಸಿರುಗುಪ್ಪದ ಕಡೆ ಮನೆಯಲ್ಲೇ ಹೊಲಿಯುವ ಹೆಂಗಸರಿಗೆ ಮುಟ್ಟಿಸಿ, ಹೊಲಿದ ಪ್ಯಾಂಟುಗಳನ್ನು ವಾಪಸ್ ತರುವುದು ಅವಳ ಕೆಲಸ. ಮೊದಲು ಬಸ್ಸಿನಲ್ಲಿ ಗಂಟು ಹೊತ್ತು ಹೋಗುತ್ತಿದ್ದಳು. ಹತ್ತಿಸುವವರು ಒಬ್ಬರು, ಇಳಿಸುವವರು ಒಬ್ಬರು, ಬೈಯುವ ಕಂಡಕ್ಟರು ಒಬ್ಬ. ಎಲ್ಲದಕ್ಕೂ ಯಾರನ್ನಾದರೂ ಕೇಳಬೇಕು.

ಆ ಕಾಲಕ್ಕೆ ಪಿಕಪ್ ಬಂತು. ಯಾವುದೋ ಗಣಿಯವರು ಹಿಂದೆಂದೋ ತರಿಸಿ, ಕೆಲಸ ನಿಂತ ಮೇಲೆ ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ ಹಳೇ ಫಾರಿನ್ ಗಾಡಿ. ಮುಂದೆ ಮಂಚದಂತೆ ಒಂದೇ ಉದ್ದ ಸೀಟು. ಬೇರೆ ಯಾರೂ ಕೊಳ್ಳದೆ ನಮಗೆ ಅಗ್ಗಕ್ಕೆ ಸಿಕ್ಕಿತು, ಯಾಕೆಂದರೆ ಅದು ಆಟೋಮ್ಯಾಟಿಕ್. ಗೇರು ತಾನೇ ಬೀಳುತ್ತದೆ, ಕ್ಲಚ್ಚಿಲ್ಲ. ಕೆಳಗೆ ಎರಡೇ ಪೆಡಲು, ಎರಡಕ್ಕೂ ಬಲಗಾಲೇ ಸಾಕು. ಅಕ್ಕ ಒಳಗೆ ಕೂತು, ಎಡಗಾಲನ್ನು ಎತ್ತಿ ಬದಿಗಿಟ್ಟು, ಅಂಗಳದಲ್ಲಿ ಒಂದು ಸುತ್ತು ಹಾಕಿದಳು. "ಲೇ, ಇದನ್ನ ನನಗಂತನ ಮಾಡ್ಯಾರ" ಅಂದಳು.

ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ.

ನಾನು ಲಾರಿ ಶೆಡ್ಡಿನಲ್ಲಿ ಮೆಕ್ಯಾನಿಕ್. ಅಲ್ಲಿ ನನಗೆ ದಿನವೂ ಇದೇ ಮಾತು. "ನಿಮ್ಮನಿ ಗಾಡಿಗೆ ಗೇರಿಲ್ಲಂತಲ್ಲೋ? ಮಿಕ್ಸಿ ಇದ್ದಂಗ ಬಿಡು. ಗುಂಡಿ ತಿರುವಿದ್ರ ತಿರಗತೈತಿ, ಚಟ್ನಿ ಆತು." ನಾನೂ ನಗುತ್ತಿದ್ದೆ. ಒಳಗೊಳಗೆ ಉರಿಯುತ್ತಿತ್ತು. ಅಕ್ಕನ ಗಾಡಿ ಅಕ್ಕನಿಗೆ ಸರಿಯಿತ್ತು. ಅದರಿಂದ ಮರ್ಯಾದೆ ಹೋಗುತ್ತಿದೆ ಅಂದುಕೊಂಡವನು ನಾನೊಬ್ಬನೇ.

ಒಂದು ಬೇಸಿಗೆಯಲ್ಲಿ ಗಾಡಿ ಮುಂದಕ್ಕೆ ಹೋಗಲು ತುಸು ತಡಮಾಡತೊಡಗಿತು. ಗೇರ್ ಎಣ್ಣೆ ಕಡಿಮೆಯಾಗಿದೆ ಅಂತ ತೀರ್ಮಾನಿಸಿದೆ. ಅದು ಸರಿಯೇ ಇತ್ತು. ಆಮೇಲಿನದೆಲ್ಲ ತಪ್ಪು. ಲಾರಿಗಳಿಗೆ ಹಾಕುವ ಎಣ್ಣೆಯನ್ನು ಶೆಡ್ಡಿನಿಂದ ತಂದೆ. ಬೆಲ್ಲದ ಪಾಕದಂಥ ದಪ್ಪ ಎಣ್ಣೆ. ಪಿಕಪ್ಪಿನ ಬಾಕ್ಸಿಗೆ ಎಣ್ಣೆ ಹಾಕುವ ಪೈಪು ಬೆರಳಿನಷ್ಟು ಸಣ್ಣದು. ಇಳಿಯಲೇ ಇಲ್ಲ. ಬುದ್ಧಿ ಇದ್ದವನಿಗೆ ಅಷ್ಟೇ ಸಾಕಿತ್ತು. ನನಗೆ ಬೇರೆ ಉಪಾಯ ಹೊಳೆಯಿತು. ಎಣ್ಣೆಯನ್ನು ಪಾತ್ರೆಗೆ ಸುರಿದು ಅಕ್ಕನ ಒಲೆಯ ಮೇಲೆ ಇಟ್ಟೆ.

"ಏನ್ ಕಾಸಾಕ ಹತ್ತೀಯಲೇ?"

"ಗಾಡಿಗೆ ಕಷಾಯ."

ಅವಳು ನಕ್ಕಳು. ಆಮೇಲೆ, "ಬಾನೆಟ್ ಒಳಗ ತಗಡಿನ ಮ್ಯಾಲ ಇಂಗ್ಲಿಷಿನ್ಯಾಗ ಏನೇನೋ ಬರದೈತಲ್ಲ, ಅದನ್ನ ನೋಡಿದೇನು?" ಅಂತ ಕೇಳಿದಳು.

"ಎಲ್ಲಾ ನೋಡೀನಿ ಬಿಡಕ್ಕ."

ನೋಡಿದ್ದು ಸುಳ್ಳಲ್ಲ. ಓದಲು ಬರುತ್ತಿರಲಿಲ್ಲ. ಓದಿ ಹೇಳು ಅನ್ನಲು ಬಾಯಿಯೂ ಬರಲಿಲ್ಲ.

ಕಾಸಿದ ಎಣ್ಣೆ ತೆಳ್ಳಗಾಗಿ ಪೈಪಿನಲ್ಲಿ ಸಲೀಸಾಗಿ ಇಳಿಯಿತು. ಮರುದಿನ ಗಾಡಿ ಕುರುಗೋಡಿನವರೆಗೂ ಹೋಗಲಿಲ್ಲ. ಸುಟ್ಟ ವಾಸನೆ ಬಂದು ದಾರಿಯಲ್ಲೇ ನಿಂತಿತು. ಶೆಡ್ಡಿನ ಹಿರಿಯ ಮೇಸ್ತ್ರಿಯನ್ನು, ಬೇರೆ ಯಾರದೋ ಗಾಡಿ ಅಂತ ಹೇಳಿ, ವಿಚಾರಿಸಿದೆ.

"ಆಟೋಮ್ಯಾಟಿಕ್ಕಿಗೆ ನೀರಿನಂಥ ಕೆಂಪೆಣ್ಣಿ ಹಾಕಬೇಕಪಾ. ಯಾವ ಕತ್ತಿಮಗ ಹಾಕ್ಯಾನ ಲಾರಿ ಎಣ್ಣಿ?"

"ಗೊತ್ತಿಲ್ರಿ."

"ಬಿಚ್ಚಿ, ತೊಳದು, ಒಳಗಿನ ಪ್ಲೇಟ್ ಬದಲಿ ಮಾಡಿದ್ರ ಬದುಕತೈತಿ ಅಂತ ಹೇಳು ಅವಂಗ."

ಅವನಿಗೆ, ಅಂದರೆ ನನಗೆ, ಅದು ಆ ಕ್ಷಣವೇ ಗೊತ್ತಾಯಿತು. ಆದರೆ ಬಾಕ್ಸನ್ನು ಯಾರ ಮುಂದೆ ಬಿಚ್ಚಿದರೂ ಒಳಗಿನಿಂದ ನನ್ನ ಕಷಾಯ ಹೊರಬರುತ್ತಿತ್ತು. ಅದಕ್ಕೇ ಮನೆಗೆ ಬಂದು, ಹಿರಿಯರು ತೀರಿಕೊಂಡ ಸುದ್ದಿ ಹೇಳುವವನಂತೆ ಮೆಲ್ಲಗೆ ಹೇಳಿದೆ. "ಬಾಕ್ಸ್ ಹೋತಕ್ಕ. ವಯಸ್ಸಾಗಿತ್ತು. ಜೀಪಿನ ಗೇರ್ ಬಾಕ್ಸ್ ಕೂಡಸ್ತೀನಿ. ಗಂಡುಗಾಡಿ ಆಗತೈತಿ."

ಅಕ್ಕ ಗಾಡಿಯ ಬಾಗಿಲ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ನಿನಗ ತಿಳದಂಗ ಮಾಡಪಾ" ಅಂದಳು.

ಗುಜರಿಯಿಂದ ಜೀಪಿನ ಬಾಕ್ಸ್ ತಂದೆ. ಅದರ ಬಾಯಿಗೂ ನಮ್ಮ ಇಂಜಿನ್ನಿಗೂ ಬೋಲ್ಟು ಒಂದೂ ಕೂಡುತ್ತಿರಲಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಮಾಡಿಸಲು ಲೇಥ್ ನಡೆಸುವ ಚಾಚಾನ ಹತ್ತಿರ ಹೋದೆ. ಹಿಂದಿನ ಗಾಲಿಗೆ ಹೋಗುವ ಶಾಫ್ಟನ್ನೂ ಕತ್ತರಿಸಿ ಬೆಸೆಯಬೇಕಿತ್ತು. ಚಾಚಾ ಅಳತೆ ತೆಗೆದುಕೊಳ್ಳುತ್ತ ಕೇಳಿದ.

"ಓಡಸೋರು ಯಾರು ಬೇಟಾ?"

"ನಮ್ಮಕ್ಕ."

"ಜೀಪಿನ ಕ್ಲಚ್ ಬಾಳ ಬಿಗಿ. ಅಕ್ಕಗ ಆಗತೈತಾ?"

"ನಮ್ಮಕ್ಕ ಗಟ್ಟಿಗಿತ್ತಿ ಚಾಚಾ."

ಇಲ್ಲಿ ನಾನು ಒಪ್ಪಿಕೊಳ್ಳಬೇಕು. ಅಕ್ಕನ ಕಾಲು ಮರೆತೇಹೋಗಿತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಮರೆತಿರಲಿಲ್ಲ. ಚಾಚಾ ಕೇಳಿದಾಗ ಕಾಲು ಕಣ್ಣ ಮುಂದೆ ಬಂತು. ರೂಢಿ ಆಗುತ್ತದೆ ಅಂದುಕೊಂಡೆ. ಕೆಲಸ ಅಲ್ಲಿಗೆ ನಿಲ್ಲಿಸಿದರೆ ಕಷಾಯದ ಕತೆ ಹೊರಬೀಳುತ್ತಿತ್ತು. ಜೊತೆಗೆ, ಶೆಡ್ಡಿನವರೆಲ್ಲ ಬಂದು ನಾನು ಕೂಡಿಸಿದ ಬಾಕ್ಸ್ ನೋಡಬೇಕು ಅನ್ನುವ ಆಸೆಯೂ ಇತ್ತು.

ಬಂದರು, ನೋಡಿದರು, ಭೇಷ್ ಅಂದರು. ಗಾಡಿಯ ತಳಕ್ಕೆ ತೂತು ಕೊರೆದು ಗೇರಿನ ಕೋಲು ನಿಲ್ಲಿಸಿದ್ದೆ. ಕ್ಲಚ್ ಪೆಡಲಿಗೆ ಹೊಸ ರಬ್ಬರು ಹಾಕಿದ್ದೆ. ಗಾಡಿಗೆ ಹೂವು ಹಾಕಿ, ಗಾಲಿಗೆ ನಿಂಬೆಹಣ್ಣಿಟ್ಟು, ಅಕ್ಕನನ್ನು ಕೂರಿಸಿದೆವು. ಅವಳು ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಆ ಹೊಸ ರಬ್ಬರಿನ ಮೇಲೆ ಇಟ್ಟಳು. ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು. ಪೆಡಲು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಶೆಡ್ಡಿನವರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು.

"ತಮ್ಮಾ, ನೀನ ಓಡಸು" ಅಂತ ಅವಳು ಪಕ್ಕಕ್ಕೆ ಸರಿದಳು. ನಿಂಬೆಹಣ್ಣುಗಳನ್ನು ನಾನೇ ಅಪ್ಪಚ್ಚಿ ಮಾಡಿದೆ.

ಹಾಗೆ ನಾನು ಅಕ್ಕನ ಡ್ರೈವರ್ ಆದೆ. ವಾರಕ್ಕೆರಡು ದಿನ, ಶೆಡ್ಡಿಗೆ ರಜೆ ಹಾಕಿದಾಗ ಮಾತ್ರ. ಉಳಿದ ದಿನ ಅವಳು ಮತ್ತೆ ಬಸ್ ಸ್ಟ್ಯಾಂಡಿನಲ್ಲಿ ಗಂಟಿನ ಪಕ್ಕ ನಿಲ್ಲುತ್ತಿದ್ದಳು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ಈ ಸಲದ ಚಳಿಗಾಲದಲ್ಲಿ ಕೆಂಚನಗುಡ್ಡದ ಹೊಲಿಗೆಯವರಿಗೆ ಬಟ್ಟೆ ಕೊಟ್ಟು ಕಾಲುವೆ ಏರಿಯ ಮೇಲೆ ಸಿರುಗುಪ್ಪಕ್ಕೆ ಬರುತ್ತಿದ್ದೆವು. ಅಕ್ಕ ಹೊರಗೆ ಭತ್ತದ ಗದ್ದೆ ನೋಡುತ್ತ ಅಂದಳು. "ಈ ಕೆಲಸ ಬಿಡತೀನಿ ತಮ್ಮಾ. ನಿನಗೂ ತ್ರಾಸು. ಬಾಕ್ಸ್ ಸತ್ರ ಯಾರೇನ್ ಮಾಡಾಕಾಗತೈತಿ?"

ಗಾಡಿ ನಿಲ್ಲಿಸಿ ಎಲ್ಲ ಹೇಳಿದೆ. ಲಾರಿ ಎಣ್ಣೆ, ಮೇಸ್ತ್ರಿ, ಚಾಚಾ, ಕಾಲು. ಹಳೇ ಬಾಕ್ಸು ಹಿತ್ತಲಲ್ಲಿ ಮಳೆಗೆ ಹೊದಿಸಿದ ತಾಡಪತ್ರಿಯ ಕೆಳಗೆ ಇನ್ನೂ ಇದೆ ಅಂತಲೂ ಹೇಳಿದೆ.

ಅವಳು ಗದ್ದೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

"ಆ ಪಾತ್ರಿಯಾಗ ನಾನು ಎಂಟು ದಿನ ಹಾಲು ಕಾಸೀನಿ" ಅಂದಳು. "ವಾಸನಿ ಯಾಕ ಬರತೈತಿ ಅಂತ ಹಾಲಿನಾಕಿನ್ನ ಬೈದು ಬಿಡಿಸಿಬಿಟ್ಟೆ. ಇಳಿ ಕೆಳಗ."

ಇಳಿದೆ. ಬಿಟ್ಟು ಹೋಗುತ್ತಾಳೆ ಅಂದುಕೊಂಡೆ, ಹೋಗಲು ಅವಳಿಗೆ ಆಗುವುದಿಲ್ಲ ಅನ್ನುವುದನ್ನೂ ಮರೆತು. ಅವಳು ಸ್ಟೇರಿಂಗಿನ ಮುಂದೆ ಸರಿದು ಕೂತು, "ಆ ಕಡಿಂದ ಹತ್ತಿ ನಡುವ ಕುಂದ್ರು. ಕ್ಲಚ್ ಮ್ಯಾಲ ನೀ ಕಾಲಿಡು. ಒತ್ತು ಅಂದ್ರ ಒತ್ತು, ಬಿಡು ಅಂದ್ರ ಬಿಡು" ಅಂದಳು.

ಮೂರು ಸಲ ಗಾಡಿ ಕಪ್ಪೆಯಂತೆ ಜಿಗಿದು ನಿಂತಿತು. ಏರಿಯ ಕೆಳಗಿನ ಎಮ್ಮೆಗಳು ತಲೆಯೆತ್ತಿ ನೋಡಿದವು. "ಸಾವಕಾಶ ಬಿಡಲೇ, ಗಂಡುಗಾಡಿ ಮಾಡಿದಾವ!" ನಾಲ್ಕನೇ ಸಲ ಗಾಡಿ ಹೊರಟಿತು. ದೊಡ್ಡ ರಸ್ತೆ ಬರುವ ತನಕ ಅವಳೇ ಓಡಿಸಿದಳು. ನಾನು ಎರಡೇ ಮಾತಿಗೆ ಕಾಯುತ್ತ ಪಕ್ಕದಲ್ಲಿ ಕೂತಿದ್ದೆ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಅಷ್ಟು ಗಮನವಿಟ್ಟು ಕೆಲಸ ಮಾಡಿದ್ದು ಅದೇ ಮೊದಲು.

ಹಳೇ ಬಾಕ್ಸನ್ನು ಈಗ ಅಂಗಳದಲ್ಲಿ ಬಿಚ್ಚಿಟ್ಟಿದ್ದೇನೆ, ಎಲ್ಲರಿಗೂ ಕಾಣುವ ಹಾಗೆ. ಮೇಸ್ತ್ರಿ ಬಂದು ಒಳಗಿನ ಪಾಕ ನೋಡಿ, ನನ್ನ ಮುಖವನ್ನೂ ನೋಡಿ, ಹೊಸ ಪ್ಲೇಟು ತರಿಸಲು ಒಪ್ಪಿದ್ದಾರೆ. ಜೀಪಿನ ಬಾಕ್ಸ್ ವಾಪಸ್ ಗುಜರಿಗೆ. ನಿನ್ನೆ ಅಕ್ಕ ಬಾನೆಟ್ ಎತ್ತಿಸಿ, ತಗಡನ್ನು ಸೀಮೆಎಣ್ಣೆಯಿಂದ ಒರೆಸಿ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಓದಿ ಅರ್ಥ ಹೇಳಿದಳು. ಮೊದಲನೇ ಸಾಲೇ ಎಣ್ಣೆಯದು.

"ತಿಳೀತೇನು? ಇನ್ನೊಮ್ಮೆ ಓದಲೇನು?"

"ತಿಳೀತಕ್ಕ, ಬ್ಯಾಡ."

"ಕೇಳು" ಅಂತ ಮತ್ತೆ ಮೊದಲಿನಿಂದ ಓದಿದಳು.